ಏಳು ಪೆಟ್ಟಿಗೆಗಳ ಮೇಲೆ ನನ್ನ ಅಕ್ಷರ

ನಮ್ಮ ಮನೆ (ಹೀಗೆ ಬರೆಯುವಾಗ ಇನ್ನೂ ನಗು ಬರುತ್ತದೆ), ಮೂರನೆಯ ಮಹಡಿ
ಬುಧವಾರ, ನವೆಂಬರ್ ೧೨, ಮಧ್ಯಾಹ್ನ

ಪ್ರೀತಿಯ ಸರ್ವೇಯರ್ ಸಾಹೇಬರೇ,

ಹೇಗಿದ್ದೀರಿ? ಕೆಮ್ಮು ನಿಜವಾಗಿ ಹೋಯಿತಾ, ಇಲ್ಲ ನನ್ನ ಸಮಾಧಾನಕ್ಕೆ ಹೋಯಿತು ಎಂದು ಬರೆದಿರಾ? ನೀಲಿ ಸ್ವೆಟರನ್ನು ಹಾಕಿಕೊಳ್ಳಿ, ಮಡಚಿ ದಿಂಬಿನ ಕೆಳಗೆ ಇಟ್ಟುಕೊಳ್ಳಲೆಂದು ನಾನು ಅದನ್ನು ಕೊಂಡದ್ದಲ್ಲ. ಗುಡ್ಡದ ಮೇಲೆ ಬೆಳಗಿನ ಹೊತ್ತು ನೀರು ಬೆರಳು ಕಚ್ಚುತ್ತದೆ ಎಂದು ಬರೆದಿದ್ದಿರಿ. ಅದನ್ನು ಓದಿ ನಾನು ನಮ್ಮ ಅಡುಗೆಮನೆಯ ನಲ್ಲಿಯ ಕೆಳಗೆ ಐದು ನಿಮಿಷ ಕೈ ಹಿಡಿದು ನಿಂತಿದ್ದೆ, ನಿಮಗೆ ಜೊತೆ ಕೊಟ್ಟ ಹಾಗೆ. ಹುಚ್ಚಿ ಎನ್ನಬೇಡಿ. ಎಂದರೂ ಪರವಾಗಿಲ್ಲ, ನಿಮ್ಮ ಬಾಯಲ್ಲಿ ಆ ಮಾತು ಕೇಳಿ ಆರು ವಾರವಾಯಿತು. ಮದುವೆಯಾಗಿ ಹನ್ನೊಂದು ವಾರ, ಜೊತೆಗಿದ್ದದ್ದು ಬರೀ ಐದು. ಹೇಗೆ ನೋಡಿದರೂ ನನಗೇ ಮೋಸ! ನನ್ನ ಕನ್ನಡದಲ್ಲಿ ತಪ್ಪು ಹುಡುಕಬೇಡಿ. ಇಂಗ್ಲಿಷ್ ಶಾಲೆಯವರು ಬರೆದ ಪ್ರೇಮಪತ್ರ ರಜೆ ಅರ್ಜಿಯ ಹಾಗಿರುತ್ತದೆ ಎಂದು ನಕ್ಕವರು ನೀವು, ಹಾಗಾದರೆ ಕನ್ನಡದಲ್ಲೇ ಬರೆದು ತೋರಿಸುತ್ತೇನೆಂದು ಹಟ ಹಿಡಿದವಳು ನಾನು.

ಮನೆಯಲ್ಲಿ ಎಲ್ಲ ಸರಿಯಾಗಿದೆ. ಬಚ್ಚಲಿನ ಬಾಗಿಲು ಈಗ ಕಿರುಗುಟ್ಟುವುದಿಲ್ಲ, ನಾನೇ ಎಣ್ಣೆ ಬಿಟ್ಟೆ. ಮಂಚದ ಮೇಲೆ ನಿಮ್ಮ ಜಾಗದಲ್ಲಿ ನನ್ನ ಪುಸ್ತಕಗಳು ಮಲಗುತ್ತವೆ, ಒಂದೂ ಗೊರಕೆ ಹೊಡೆಯುವುದಿಲ್ಲ. ಎಲ್ಲ ಸರಿಯಾಗಿದೆ ಎಂದೆನಲ್ಲ, ಅದು ಸುಳ್ಳು. ನಿಂತು ಓದುತ್ತಿದ್ದರೆ ಕೂತುಕೊಳ್ಳಿ. ಈ ಪತ್ರ ಯಾವಾಗಲೂ ಕ್ಯಾಂಪಿನ ಸಾಮಾನಿನ ಜೊತೆ ಬರುವ ಸ್ಟೋರ್ಸ್ ಚೀಲದಲ್ಲಿ ಬಂದಿಲ್ಲ, ಗಮನಿಸಿದಿರಾ? ಔಷಧಿ ತೆಗೆದುಕೊಂಡು ನಾಳೆ ಕ್ಯಾಂಪಿಗೆ ಹೊರಡುವ ಕಾಂಪೌಂಡರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನಿಮ್ಮ ಗುಡ್ಡಕ್ಕೆ ಫೋನ್ ಹತ್ತುವುದಿಲ್ಲ. ಚೀಲಕ್ಕೆ ಹಾಕೋಣವೆಂದರೆ ಅದರ ಬಾಯಿ ಕಟ್ಟುವವರು ಸ್ಟೋರ್ಸ್ ನೋಡಿಕೊಳ್ಳುವ ಅಣ್ಣ. ಒಡಹುಟ್ಟಿದವರಲ್ಲದಿದ್ದರೂ ನೀವು ಬಾಯಿ ತುಂಬ ಅಣ್ಣ ಎನ್ನುವವರು, ನನ್ನ ಗುಬ್ಬಿಯ ಗಂಡ. ನನಗೆ ಅವರನ್ನು ಕಂಡರೆ ಭಯ ರೀ.

ಗುಬ್ಬಿ ನನಗೆ ಏನು ಎಂದು ನಿಮಗೆ ಗೊತ್ತು. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ನೀವು ನನ್ನನ್ನು ಮೊದಲು ನೋಡಿದ್ದೇ ಅವರ ಮನೆಯ ಸೋಫಾದ ಮೇಲೆ. ನೋಡಿದವರು ಕಾಫಿಯನ್ನು ಪ್ಯಾಂಟಿನ ಮೇಲೆ ಸುರಿದುಕೊಂಡಿರಿ. "ತಗೊಳ್ಳೇ, ನಿನಗಿಂತ ಪೆದ್ದ ಸಿಕ್ಕಿದಾರೆ, ಬಿಡಬೇಡ" ಎಂದು ಅವಳು ಅಡುಗೆಮನೆಯಲ್ಲಿ ನನ್ನ ಕಿವಿ ಹಿಂಡಿದ್ದಳು. ಮದುವೆಯಾದ ಮೇಲೆ ನಾವಿಬ್ಬರೂ ಅವರಲ್ಲಿ ಊಟಕ್ಕೆ ಹೋದ ದಿನ ನೆನಪಿದೆಯಾ? ಅವಳ ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ಬಾಗಿಲಿಗೆ ಸಿಕ್ಕಿಕೊಂಡವು ಎಂದಳು. "ಬಾಗಿಲಿಗೂ ನಿಮ್ಮ ಮೇಲೆ ಸಿಟ್ಟಾ ಅತ್ತಿಗೆ?" ಎಂದಿರಿ ನೀವು. ಎಲ್ಲರೂ ನಕ್ಕೆವು, ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕರು. ಬೆರಳು ಬಾಗಿಲಿಗೆ ಸಿಕ್ಕಿದ್ದು ನಿಜ. ಆ ಬಾಗಿಲನ್ನು ಒತ್ತಿ ಹಿಡಿದುಕೊಂಡಿದ್ದವರು ಅವರು.

ಇದನ್ನು ಅವಳು ನನಗೆ ಹೇಳಿದ್ದು ಮೂರು ವಾರದ ಹಿಂದೆ. ನಾನು ಸಿನಿಮಾಕ್ಕೆ ಬಾ ಎಂದು ಕರೆಯಲು ಹೋಗಿದ್ದೆ, ಬರಲಾರೆ ಎಂದಳು. ಯಾಕೆ ಎಂದರೆ ನಗುತ್ತಾಳೆ. ನಾನು ಬಿಡುವವಳೇ? ಕೈ ಹಿಡಿದು ಎಳೆದೆ. ಆಗ ಹೇಳಿದಳು, ಹಾಕಿಕೊಳ್ಳಲು ಚಪ್ಪಲಿಯಿಲ್ಲ ಎಂದು. ದಿನಾ ಕೆಲಸಕ್ಕೆ ಹೊರಡುವಾಗ ಅವರು ಅವಳ ಚಪ್ಪಲಿಗಳನ್ನೆಲ್ಲ ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋಗುತ್ತಾರಂತೆ. ಬಾಗಿಲಿಗೆ ಬೀಗವಿಲ್ಲ. "ಬೀಗ ಹಾಕೋಕೆ ನಾನೇನು ರಾಕ್ಷಸನಾ?" ಎನ್ನುತ್ತಾರಂತೆ. ಫೋನ್ ಕಿತ್ತುಕೊಂಡು ಒಂದು ವರ್ಷವಾಗಿದೆ. ಒಮ್ಮೆ ಬರಿಗಾಲಲ್ಲೇ ಪೊಲೀಸ್ ಠಾಣೆಗೆ ದೂರು ಕೊಡಲು ಹೋಗಿದ್ದಳು. ಅಲ್ಲಿದ್ದವರು ಅವಳ ಕಾಲು ನೋಡಿ, ಗಂಡನಿಗೇ ಫೋನ್ ಮಾಡಿ ಕರೆಸಿದರು. ಇಷ್ಟೆಲ್ಲ ಗೊತ್ತಾದ ಮೇಲೂ ಅವರು, ಇವರು ಎಂದೇ ಬರೆಯುತ್ತಿದ್ದೇನೆ ನೋಡಿ. ಭಯಕ್ಕೆ ಎಷ್ಟು ಮರ್ಯಾದೆ!

ನಿಮಗೆ ಬರೆಯದೆ ಎರಡು ಕೆಲಸ ಮಾಡಿದೆ, ಬೈಯಿರಿ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದು ಕೊಡುವ ಕೆಲಸ ಅವಳಿಗೆ ಗೊತ್ತುಮಾಡಿದೆ. ಅದರ ಪಕ್ಕದ ಬೀದಿಯಲ್ಲೇ, ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದೆ. ಒಂದೇ ಕಿಟಕಿ, ಗೋಡೆಯಲ್ಲೆಲ್ಲ ಅಂಟಿನ ವಾಸನೆ. ಆದರೆ ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ. ಪ್ರತಿ ಮಂಗಳವಾರ ಅವರು ಇನ್ನೊಂದು ಗೋಡೌನಿಗೆ ಸರಕು ತಪಾಸಣೆಗೆ ಹೋಗುತ್ತಾರೆ, ಒಂಬತ್ತಕ್ಕೆ ಬಿಟ್ಟರೆ ಒಂದು ಗಂಟೆಗೆ ವಾಪಸು. ಅಷ್ಟರೊಳಗೆ ಮನೆ ಬದಲಾಯಿಸಬೇಕು. ಗುಬ್ಬಿ ಒಂದು ಬ್ಯಾಗು ಸಾಕು ಎಂದಳು. ನಾನೇ ಕೇಳಲಿಲ್ಲ. ಅವಳಮ್ಮನ ಹೊಲಿಗೆ ಮೆಷಿನ್ ಬಿಡುವುದುಂಟೇ? ಪಾತ್ರೆ ಬೇಡವೇ? ಹೊಸ ಮನೆ ಎಂದರೆ ಮನೆಯ ಹಾಗಿರಬೇಡವೇ? ನನ್ನ ತಲೆಯಲ್ಲಿ ನಮ್ಮ ಮನೆಗೆ ನಾವು ಸಾಮಾನು ತಂದ ದಿನದ ಸಡಗರವೇ ತುಂಬಿತ್ತು. ನಿನ್ನೆ ಒಂಬತ್ತೂ ಕಾಲಿಗೆ ಏಳು ರಟ್ಟಿನ ಪೆಟ್ಟಿಗೆ, ಟೇಪು, ಕೆಂಪು ಮಾರ್ಕರ್ ಪೆನ್ನು, ಅವಳಿಗೆ ನನ್ನದೊಂದು ಜೊತೆ ಚಪ್ಪಲಿ ಹಿಡಿದು ಅವರ ಮನೆ ಮೆಟ್ಟಿಲು ಹತ್ತಿದೆ. ಚಪ್ಪಲಿ ಅವಳಿಗೆ ದೋಣಿಯ ಹಾಗಿತ್ತು.

ಮದುವೆಗೆ ಮುಂಚೆ ಎರಡು ವರ್ಷ ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಕೂತವಳಲ್ಲವೇ ನಾನು? ವಿಳಾಸವಿಲ್ಲದ ಪೆಟ್ಟಿಗೆಯನ್ನು ಕಂಡರೆ ಕೈ ತುರಿಸುತ್ತದೆ. ಮೇಲೊಂದು, ಪಕ್ಕದಲ್ಲೊಂದು ಚೀಟಿ ಅಂಟಿಸಿ, ಹೆಸರು, ಬೈಂಡಿಂಗ್ ಅಂಗಡಿ, ಮೇಲಿನ ಕೋಣೆ, ಬೀದಿ, ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದು, ಒಂದು ಬಾರ್ ಏಳು, ಎರಡು ಬಾರ್ ಏಳು ಎಂದು ಏಳಕ್ಕೂ ನಂಬರ್ ಹಾಕಿದೆ. "ನಾವೇ ಜೊತೇಲಿ ಹೋಗ್ತೀವಲ್ಲೇ, ವಿಳಾಸ ಯಾಕೆ?" ಎಂದಳು ಗುಬ್ಬಿ. "ದಾರೀಲಿ ಒಂದು ಕಳೆದುಹೋದ್ರೆ?" ಎಂದೆ ನಾನು. ಎಷ್ಟು ಜಂಬದಿಂದ ಹೇಳಿದೆ ಗೊತ್ತಾ? ಟೆಂಪೊ ಓಡಿಸುವ ಅಜ್ಜ ಒಂದೊಂದಾಗಿ ಹೊತ್ತು ಇಳಿಸಿದರು. "ಇದರಲ್ಲಿ ಪಾತ್ರೇನಾ ಕಲ್ಲಾ? ನನ್ನ ಸೊಂಟ ನಿಮ್ಮ ಹೊಸ ಮನೇಲೇ ಬಿಟ್ಟು ಹೋಗ್ಬೇಕಾಗುತ್ತೆ" ಎಂದು ಗೊಣಗಿದರು. ಪ್ರತಿ ಮಹಡಿಯಲ್ಲೂ ಪೆಟ್ಟಿಗೆ ಕೆಳಗಿಟ್ಟು ಉಸಿರು ತೆಗೆದುಕೊಂಡರು. ಹನ್ನೊಂದೂವರೆಗೆಲ್ಲ ನಾವು ಹೊಸ ಕೋಣೆಯಲ್ಲಿದ್ದೆವು. ಗುಬ್ಬಿ ಮಾಡಿದ ಮೊದಲ ಕೆಲಸ ಚಿಲಕ ಹಾಕಿದ್ದು. ಆಮೇಲೆ ತೆಗೆದಳು. ಮತ್ತೆ ಹಾಕಿದಳು. ಚಿಕ್ಕ ಮಗುವಿಗೆ ಆಟಿಕೆ ಸಿಕ್ಕ ಹಾಗೆ ಹತ್ತು ಸಲ ಹಾಕಿ ತೆಗೆದು ನಕ್ಕಳು.

ನಾನು ಪೆಟ್ಟಿಗೆ ಎಣಿಸಿದೆ. ಆರು. ಮತ್ತೆ ಎಣಿಸಿದೆ. ನಾಲ್ಕು ಬಾರ್ ಏಳು ಇಲ್ಲ. ಯಾವುದೋ ಮೆಟ್ಟಿಲ ತಿರುವಿನಲ್ಲಿ ಉಸಿರಿಗೆಂದು ಇಳಿಸಿದ್ದನ್ನು ಅಜ್ಜ ಮರೆತಿದ್ದರು. ಹೋದರೆ ಹೋಗಲಿ, ನಾಲ್ಕು ತಟ್ಟೆ ತಾನೇ ಎಂದಳು ಗುಬ್ಬಿ. ನಾನು ಐದು ಬಾರ್ ಏಳರ ಚೀಟಿಯ ಮೇಲೆ ಬೆರಳಿಟ್ಟೆ. ಕಳೆದುಹೋದದ್ದರ ಮೇಲೆ ಏನಿದೆ ಎಂದು ಅವಳಿಗೂ ಆಗ ಹೊಳೆಯಿತು. ನಕ್ಕ ಬಾಯಿ ಹಾಗೇ ತೆರೆದಿತ್ತು.

ಅಜ್ಜನ ಟೆಂಪೊದಲ್ಲೇ ವಾಪಸು ಹೋದೆ. ಒಂದು ಗಂಟೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಮೊದಲ ತಿರುವಿನಲ್ಲಿ ಪೆಟ್ಟಿಗೆ ಇರಲಿಲ್ಲ, ಎರಡನೆಯದರಲ್ಲೂ ಇಲ್ಲ. ಮೇಲೆ ಅವರ ಮನೆಯ ಬಾಗಿಲು ತೆರೆದಿತ್ತು. ನಾನು ಎಳೆದುಕೊಂಡು ಬಂದಿದ್ದೆ, ಚೆನ್ನಾಗಿ ನೆನಪಿದೆ. ತಿರುಗಿ ಓಡಬೇಕಿತ್ತು, ಓಡದೆ ಹೊಸ್ತಿಲವರೆಗೆ ಹೋದೆ ರೀ. "ಬಾ ತಂಗಿ, ಒಳಗೆ ಬಾ, ನೀನೇನು ಹೊರಗಿನವಳಾ?" ಎಂದರು ಅಣ್ಣ, ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿದ್ದರು. ಪೆಟ್ಟಿಗೆ ಊಟದ ಮೇಜಿನ ಮೇಲಿತ್ತು, ಚೀಟಿ ನನ್ನ ಕಡೆಗೆ. ಅವರೇ ನೀರು ತಂದುಕೊಟ್ಟರು. ಕುಡಿಯದಿದ್ದರೆ ಏನಾದೀತೋ ಎಂದು ಇಡೀ ಲೋಟ ಕುಡಿದೆ. ಸಿಟ್ಟಾಗಲಿಲ್ಲ, ದನಿ ಎತ್ತಲಿಲ್ಲ. "ಉಳಿದ ಆರೂ ಕ್ಷೇಮವಾಗಿ ತಲುಪಿದುವಾ?" ಎಂದು ಕೇಳಿದರು. ಆಮೇಲೆ, "ಅಕ್ಷರ ಎಷ್ಟು ಮುದ್ದಾಗಿದೆ ನಿಂದು. ನಿನ್ನ ಗಂಡನಿಗೆ ನೀನು ಬರೆಯೋ ಕವರುಗಳನ್ನ ವಾರವಾರ ನೋಡ್ತೀನಲ್ಲ, ಕಂಡ ಕೂಡಲೇ ಗುರುತು ಹಿಡಿದೆ." ಆಮೇಲೆ, "ಬರಿಗಾಲಲ್ಲಿ ಹೋದಳಾ, ಪಾಪ?" ಕೊನೆಗೆ, "ಸೋಮವಾರ ಲಾರಿ ಜೊತೆ ನಾನೇ ಕ್ಯಾಂಪಿಗೆ ಹೋಗ್ತಿದೀನಿ, ತಮ್ಮನಿಗೆ ಏನಾದ್ರೂ ಹೇಳೋದಿದೆಯಾ?" ಎಂದರು. "ಸ್ವೆಟರ್ ಹಾಕ್ಕೊಳ್ಳೋಕೆ ಹೇಳಿ" ಎಂದೆ. ಅದೇ ಬಾಯಿಗೆ ಬಂದದ್ದು, ಏನು ಮಾಡಲಿ? ಪೆಟ್ಟಿಗೆಯನ್ನು ಅವರೇ ಎತ್ತಿ ನನ್ನ ಕೈಗಿಟ್ಟು, ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟರು. ಅವರಿಗೆ ಏನೂ ಅವಸರವಿರಲಿಲ್ಲ. ಯಾಕಿರುತ್ತದೆ? ವಿಳಾಸ ಓದಿಯಾಗಿತ್ತಲ್ಲ.

ಕೋಣೆಗೆ ಮರಳಿದಾಗ ಗುಬ್ಬಿ ಕಿಟಕಿಗೆ ಪರದೆ ಕಟ್ಟಿದ್ದಳು. ಎಲ್ಲ ಕೇಳಿದಳು, ನನ್ನನ್ನು ಒಂದು ಮಾತು ಬೈಯಲಿಲ್ಲ. ಸ್ಟೂಲು ಹತ್ತಿ ಪರದೆ ಬಿಚ್ಚಿದಳು. "ಹೋಗ್ಲಿ ಬಿಡೆ. ಒಂದು ಗಂಟೆ ನಂದೂ ಅಂತ ಒಂದು ಮನೆ ಇತ್ತಲ್ಲ" ಎಂದಳು. ಕೋಣೆ ಹೋಯಿತು, ಪಕ್ಕದ ಬೀದಿಯ ಕೆಲಸವೂ ಹೋಯಿತು, ಎರಡೂ ನನ್ನ ಮುದ್ದಾದ ಅಕ್ಷರದಿಂದ. "ಬೆಕ್ಕು ಮರಿಗಳನ್ನ ಬಾಯಲ್ಲಿ ಕಚ್ಕೊಂಡು ಮನೆ ಮನೆ ತಿರುಗೋದು ನೋಡಿದೀನಿ, ಟೆಂಪೊದಲ್ಲಿ ತಿರುಗೋದು ಇವತ್ತೇ ನೋಡಿದ್ದು" ಎಂದರು ಅಜ್ಜ. ಅವಳ ಕಾಲಿನ ದೋಣಿ ಚಪ್ಪಲಿಯನ್ನೂ ಬೆರಳುಗಳನ್ನೂ ನೋಡಿದರು. ಮತ್ತೆ ಏನೂ ಕೇಳದೆ ಏಳೂ ಪೆಟ್ಟಿಗೆಗಳ ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆದರು. ಅದು ಮುಗಿಯುವವರೆಗೆ ಟೆಂಪೊ ಸ್ಟಾರ್ಟ್ ಮಾಡಲಿಲ್ಲ. ಅವಳು ಈಗ ನಮ್ಮ ಮನೆಯಲ್ಲಿಲ್ಲ. ಎಲ್ಲಿದ್ದಾಳೆಂದು ಇಲ್ಲಿ ಬರೆಯುವುದಿಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಯ ಕರೆಗಂಟೆ ಒಂದೇ ಸಲ ಸದ್ದಾಯಿತು. ಬಾಗಿಲಿನ ಕಿಂಡಿಯಲ್ಲಿ ನೋಡಿದೆ. ಅಣ್ಣ ಸ್ನಾನ ಮಾಡಿ, ತಲೆ ಬಾಚಿ, ಕಿಂಡಿಯನ್ನೇ ನೋಡುತ್ತ ನಿಂತಿದ್ದರು. ನಾನು ಉಸಿರು ಬಿಡಲಿಲ್ಲ. ಬಗ್ಗಿ ಏನೋ ಮಾಡಿ ಹೋದರು. ಒಂದು ಗಂಟೆಯ ಮೇಲೆ ತೆರೆದರೆ, ಕಾಲೊರಸಿನ ಮೇಲೆ ಗುಬ್ಬಿಯ ನಾಲ್ಕು ಜೊತೆ ಚಪ್ಪಲಿ. ಸಾಲಾಗಿ, ಮೂತಿ ನಮ್ಮ ಬಾಗಿಲ ಕಡೆಗೆ. ಆಗಿನಿಂದ ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಲಿಫ್ಟ್ ಸದ್ದಾದಾಗಲೆಲ್ಲ ಪೆನ್ನು ನಿಲ್ಲುತ್ತದೆ, ಅಲ್ಲಲ್ಲಿ ಮಸಿ ಕಲೆಯಾಗಿದ್ದರೆ ಅದಕ್ಕೇ.

ಆರೋಗ್ಯ ನೋಡಿಕೊಳ್ಳಿ. ಕಡಿದಾದ ಕಡೆ ಆ ಮೂರುಕಾಲಿನ ಯಂತ್ರವನ್ನು ನೀವೇ ಹೊರಬೇಡಿ. ನಿಮ್ಮ ಟೆಂಟಿನ ಜೊತೆಗಾರರಿಗೆ ನನ್ನ ನಮಸ್ಕಾರ ತಿಳಿಸಿ, ನಿಮಗೆ ಏನೇನು ತಿಳಿಸಬೇಕೋ ಅದು ಈ ಹಾಳೆಯಲ್ಲಿ ಹಿಡಿಸುವುದಿಲ್ಲ.

ಇಂತಿ, ನೀವು ವಟವಟ ಎಂದು ಕರೆಯುವ
ನಿಮ್ಮವಳು

ತಾ.ಕ.: ಕಾಂಪೌಂಡರ್ ಪತ್ರ ಒಯ್ಯಲು ಕೆಳಗೆ ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸೋಮವಾರ ಅಣ್ಣ ನಿಮ್ಮ ಮಂಚದ ಮೇಲೆ ಕೂತು ಅಳುತ್ತಾರೆ. ಬಹಳ ಚೆನ್ನಾಗಿ ಅಳುತ್ತಾರಂತೆ, ನೋಡಿದವರಿಗೆ ಕರುಳು ಕಿತ್ತು ಬರುತ್ತದಂತೆ. ನೀವು ಅವರನ್ನು ಏಳು ವರ್ಷದಿಂದ ಬಲ್ಲಿರಿ, ನನ್ನನ್ನು ಬಲ್ಲದ್ದು ಎಷ್ಟು ದಿನದಿಂದ? ನಿನ್ನೆ ಬೀಳ್ಕೊಡುವಾಗ ಗುಬ್ಬಿ ಕೇಳಿದಳು, "ನಿನ್ನ ಗಂಡ ಯಾರ ಕಡೆ ಆಗ್ತಾರೆ ಕಣೇ?" ನಿಮ್ಮ ಬಗ್ಗೆ ಯಾರಾದರೂ ಕೇಳಿದರೆ ಗಂಟೆಗಟ್ಟಲೆ ಬಾಯಿ ಮುಚ್ಚದವಳು ನಾನು. ಬಾಯಿ ತೆರೆದೆ, ಮಾತೇ ಹೊರಡಲಿಲ್ಲ. ಅವಳಿರುವ ಜಾಗ ನಿಮಗೂ ಬರೆಯದೆ ಇರುವುದು ಅದಕ್ಕೇ, ಕ್ಷಮಿಸಿ. ಅವರು ಅತ್ತು ಮುಗಿಸಿದ ಮೇಲೆ ನೀವು ಏನು ಹೇಳಿದಿರಿ ಎಂದು ಒಂದು ಮಾತೂ ಬಿಡದೆ ಬರೆದು, ಕಾಂಪೌಂಡರ್ ಮಂಗಳವಾರ ಇಳಿದು ಬರುವಾಗ ಅವರ ಕೈಗೇ ಕೊಡಿ. ಅದನ್ನು ಓದುವವರೆಗೆ ಅಣ್ಣನಿಗೆ ಎಷ್ಟು ಹೆದರುತ್ತೇನೋ ನಿಮಗೂ ಅಷ್ಟೇ ಹೆದರಿಕೊಂಡು ಈ ಮನೆಯಲ್ಲಿರುತ್ತೇನೆ. ಬೇಗ ಬರೆಯಿರಿ.