ಪಂಪಿಗೆ ಹೊಸ ಸ್ವಿಚ್ಚು

ಓಮರು, ಶುಕ್ರವಾರ

ಪ್ರೀತಿಯ ಬೆರಿಲ್ ಅವರೇ,

ನಿಮ್ಮ ಯಜಮಾನರು ಮರ್ವಿನ್ ತೀರಿಕೊಂಡ ಮೇಲೆ ನೀವು ನಮಗೆ ಮಾರಿದ ಮೋಟರ್‌ಹೋಮ್ ವ್ಯಾನಿನಲ್ಲಿ ನಮ್ಮ ಹನಿಮೂನ್ ಸ್ವರ್ಗ! ನೀರಿನ ಪಂಪಿನ ಸ್ವಿಚ್ಚು ಕೆಟ್ಟಿದೆ, ಬೆಳಿಗ್ಗೆ ತಾನಾಗಿ ಓಡುತ್ತದೆ ಎಂದಿದ್ದಿರಲ್ಲ, ಹೇಮಿಶ್ ಹೊಸದು ಹಾಕಿದ. ಖುಷಿಗೆ ಮುತ್ತು ಕೊಟ್ಟೆ!

ಆದರೂ ದಿನಾ ಬೆಳಿಗ್ಗೆ ಆರಕ್ಕೆ ಪಂಪು ಗುರ್ರೆನ್ನುತ್ತದೆ.

"ನಲ್ಲಿ ತಿರುಗಿಸಿದ್ರೇನೇ ಅದು ಓಡೋದು ಕಣೇ. ನಿದ್ದೆಗಣ್ಣಲ್ಲಿ ನೀನೇ ತಿರುಗಿಸ್ತೀಯ, ಕಳ್ಳಿ!" ಎಂದು ಹೇಮಿಶ್ ರೇಗಿಸಿದ.

ಇಂದು ಇಬ್ಬರೂ ಹಾಸಿಗೆಯಲ್ಲೇ ಕೈಹಿಡಿದು ಕಾದೆವು. ಪಂಪು ಓಡಿತು, ನಿಂತಿತು. ಎದ್ದು ನೋಡಿದರೆ ಖಾಲಿಯಿದ್ದ ಕೆಟಲ್‌ನಲ್ಲಿ ಎರಡು ಕಪ್ಪಿನಷ್ಟು ನೀರು.

ನಿಮ್ಮಿಬ್ಬರಿಗೂ ಬೆಳಗಿನ ಟೀ ಮಾಡುತ್ತಿದ್ದದ್ದು ಮರ್ವಿನ್ ಅವರೇ ಅಲ್ಲವೇ? ವ್ಯಾನ್ ಮಾರಿಬಿಡೋಣ ಎನ್ನುತ್ತಾನೆ ಹೇಮಿಶ್. ನಿಮ್ಮನ್ನು ಕೇಳದೆ ನಾನು ಒಪ್ಪಲಾರೆ. ಶನಿವಾರ ರಾತ್ರಿ ವ್ಯಾನನ್ನು ನಿಮ್ಮ ಗೇಟಿನ ಮುಂದೆ ನಿಲ್ಲಿಸುತ್ತೇವೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮುಂಚೆ ಒಳಗೆ ಬನ್ನಿ. ನಾವು ಹೊರಗೆ ಹೋಗಿರುತ್ತೇವೆ.

ಅಪ್ಪುಗೆಯೊಂದಿಗೆ,
ಟೆಸ್