ಮೇಲಿನ ಕಂಬದ ನೀರು

ಮಾವನವರಿಗೆ ನಮಸ್ಕಾರಗಳು.

ಈಗ ಸಂಜೆ ಐದು ಗಂಟೆ. ಬೆಳಗಿನಿಂದ ನದಿಯ ದಂಡೆಯಲ್ಲೇ ಇದ್ದೆ. ಈಗಷ್ಟೇ ಬಂದು, ಕಾಲು ತೊಳೆದು ಬರೆಯಲು ಕೂತಿದ್ದೇನೆ. ಸಂತೋಷಕ್ಕೆ ಅಕ್ಷರ ಸೊಟ್ಟಗಾಗುತ್ತಿದೆ, ಕ್ಷಮಿಸಿ.

ನಿಮ್ಮ ಮಗ ನದಿಯ ಪಾಲಾದ ದಿನ ನಮ್ಮ ಸೇತುವೆಯ ಅಳತೆ ಕಂಬದಲ್ಲಿ ನೀರು ಬರೀ ಒಂದೂವರೆ ಮೀಟರ್ ಇತ್ತು. ಅದನ್ನು ನೋಡಿಯೇ ಅವರು ದೋಣಿ ಇಳಿಸಿದ್ದರು. ಮೇಲಿನ ಊರಿನ ಕಂಬದಲ್ಲಿ ಎಷ್ಟಿದೆ ಎಂದು ನಾವ್ಯಾರೂ ಕೇಳುತ್ತಿರಲಿಲ್ಲ. ಈ ಎಂಟು ತಿಂಗಳು ಎರಡೂ ಕಂಬಗಳ ಅಳತೆಯನ್ನು ದಿನಚರಿಯಲ್ಲಿ ಬರೆದಿಟ್ಟೆ. ಅಲ್ಲಿ ಏರಿದ ನೀರು ಇಲ್ಲಿಗೆ ಬರಲು ನಾಲ್ಕು ಗಂಟೆ ಬೇಕು, ಮಾವ.

ಇಂದು ಬೆಳಿಗ್ಗೆ ಏಳಕ್ಕೆ ಮೇಲಿನ ಊರಿಗೆ ಫೋನ್ ಮಾಡಿದಾಗ, ಅಲ್ಲಿ ನೀರು ಜೋರಾಗಿ ಏರುತ್ತಿದೆ ಎಂದರು. ಇಲ್ಲಿ ಮಾತ್ರ ನದಿ ಸುಮ್ಮನಿತ್ತು. ಹನ್ನೊಂದಕ್ಕೆ ಬರುತ್ತದೆ, ಅಷ್ಟರೊಳಗೆ ದಡ ಸೇರಿ ಎಂದು ಮೀನು ಹಿಡಿಯುವವರಿಗೆಲ್ಲ ಕೂಗಿ ಹೇಳಿದೆ.

"ನದಿಗೂ ಟೈಮ್‌ಟೇಬಲ್ ಹಾಕ್ಬಿಟ್ರಾ ಅಕ್ಕಾ?" ಎಂದು ಬಲೆ ಹೆಣೆಯುವವನು ನಕ್ಕ. ನಗುತ್ತಲೇ ಎಲ್ಲರೂ ದೋಣಿಗಳನ್ನು ಮೇಲೆಳೆದು ಕಟ್ಟಿದರು. ಹನ್ನೊಂದೂ ಹತ್ತಕ್ಕೆ ನೀರು ಕೆಂಪಗೆ ನುಗ್ಗಿ ಬಂತು.

"ಹತ್ತು ನಿಮಿಷ ಲೇಟಾಯ್ತಲ್ಲ ಅಕ್ಕಾ," ಎನ್ನುತ್ತ ಅವನು ತನ್ನ ದೋಣಿಯ ಹಗ್ಗವನ್ನು ಇನ್ನೊಮ್ಮೆ ಬಿಗಿದ.

ಅವರು ಹೋದಾಗ ನೀವು ಕೊಂಡೊಯ್ದ ನಮ್ಮ ದೋಣಿಯ ಬೀಗದ ಕೈಯನ್ನು ದಯವಿಟ್ಟು ಕಳಿಸಿಕೊಡಿ. ನಿಮ್ಮ ಮೊಮ್ಮಗಳು ಹುಟ್ಟು ಹಾಕಲು ಕಲಿಯಬೇಕಂತೆ. ಕಂಬ ಓದಲು ಆಗಲೇ ಕಲಿತಿದ್ದಾಳೆ.

ಮೇಲಿನ ಕಂಬದಲ್ಲಿ ನೀರು ಇನ್ನೂ ಇಳಿದಿಲ್ಲ. ನಾಳೆ ನಮ್ಮ ದಂಡೆಯಿಂದ ಒಂದು ದೋಣಿಯೂ ಹೊರಡುವುದಿಲ್ಲ.

ನಿಮ್ಮ ಸೊಸೆ