ಒಂದು ಭೇಟಿಗೆ ಒಂದೇ ಕಾಯಿಲೆ

ಕುಟುಂಬ ವೈದ್ಯ ಸೇವೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಚಿಕಿತ್ಸಾಲಯದ ಗೋಡೆಯ ಮೇಲೆ ‘ಒಂದು ಭೇಟಿಗೆ ಒಂದೇ ಕಾಯಿಲೆ’ ಎಂಬ ಬೋರ್ಡಿದೆ. ಅದನ್ನು ತೆಗೆಸಿ ಎಂದು ಕೇಳಲು ಈ ಪತ್ರ. ನೀವು ತೆಗೆಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆ ಬೋರ್ಡಿಗೆ ಚೌಕಟ್ಟು ಹಾಕಿ ಗೋಡೆಗೆ ಕೂರಿಸಿದವರು ಬಡಗಿಯಾದ ನನ್ನ ಯಜಮಾನರೇ. ಸೊಟ್ಟಗಾಗಬಾರದೆಂದು ಮೂರು ಸಲ ಅಳತೆ ಹಿಡಿದಿದ್ದರು. ಒಂದು ವರ್ಷದ ನಂತರ ಅದರ ಕೆಳಗೇ ಕೂತು ಕೆಮ್ಮುತ್ತಿದ್ದರು. ಭೇಟಿ ಗೊತ್ತುಮಾಡಲು ಬೆಳಗ್ಗೆ ಎಂಟಕ್ಕೆ ಫೋನ್ ಲೈನ್ ತೆರೆದರೆ ಎಂಟೂ ಐದಕ್ಕೆ ಆ ದಿನದ ಭೇಟಿಗಳೆಲ್ಲ ಖಾಲಿಯಾಗುವ ನಿಮ್ಮ ವ್ಯವಸ್ಥೆಯಲ್ಲಿ, ಹದಿನೇಳು ದಿನ ಗುದ್ದಾಡಿ ನಾನು ಗಿಟ್ಟಿಸಿದ ಭೇಟಿ ಅದು. ಅವರಿಗೆ ಮಂಡಿ ನೋವಿತ್ತು, ಜೊತೆಗೆ ಎರಡು ತಿಂಗಳ ಕೆಮ್ಮು.

“ಯಾವುದು ಹೇಳ್ಲಿ?” ಎಂದರು.

“ಎರಡೂ ಹೇಳಿ ಅಂದ್ರೆ! ಬಾಯಿ ಬಿದ್ದೋಗಿದ್ಯಾ?”

“ಸುಮ್ನಿರೇ, ಹೊರಗೆ ಅಷ್ಟು ಜನ ಕಾಯ್ತಿದಾರೆ. ಮಂಡಿ ಮಡಚದಿದ್ರೆ ಕೆಲಸ ನಿಲ್ಲತ್ತೆ. ಕೆಮ್ಮು ತಾನಾಗೇ ಹೋಗತ್ತೆ.”

ಒಬ್ಬರೇ ಒಳಗೆ ಹೋದರು, ಮಂಡಿಯ ವಿಷಯ ಮಾತ್ರ ಹೇಳಿದರು. ಕೆಮ್ಮು ಬಂದಾಗ, ನಿಯಮ ಮುರಿಯಬಾರದೆಂದು, ಬಾಯಿಗೆ ಕರವಸ್ತ್ರ ಒತ್ತಿ ತಡೆದುಕೊಂಡರಂತೆ. ವೈದ್ಯೆಯನ್ನು ನಾನು ದೂರುವುದಿಲ್ಲ. ಮೂವರ ಕೆಲಸವನ್ನು ಒಬ್ಬರೇ ಎಳೆಯುತ್ತಿದ್ದಾರೆ, ತಲೆ ಎತ್ತಲು ಪುರುಸೊತ್ತಿಲ್ಲ. ಕೆಮ್ಮಿಗೆಂದು ಬೇರೆ ಭೇಟಿ ಸಿಕ್ಕಿದ್ದು ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಶ್ವಾಸಕೋಶದ ಗಡ್ಡೆ ಬೆನ್ನುಮೂಳೆಗೂ ಹರಡಿತ್ತು. “ಮೊದ್ಲೇ ಬರೋಕೇನಾಗಿತ್ತು?” ಎಂದು ದೊಡ್ಡಾಸ್ಪತ್ರೆಯಲ್ಲಿ ಗದರಿದರು. ಬಂದಿದ್ದೆವು ಸ್ವಾಮಿ, ಮಂಡಿ ಹಿಡಿದುಕೊಂಡು ಬಂದಿದ್ದೆವು!

ಸೇವಾ ಸಾಮರ್ಥ್ಯ ಒಂದೂವರೆ ಪಟ್ಟು ಹೆಚ್ಚಿದೆಯೆಂದು ನಿಮ್ಮ ವಾರ್ಷಿಕ ವರದಿ ಬೀಗುತ್ತಿದೆ. ಹೆಚ್ಚದೇ ಇನ್ನೇನು? ಒಬ್ಬನೇ ಮನುಷ್ಯನನ್ನು ಮಂಡಿಗೊಮ್ಮೆ, ಎದೆಗೊಮ್ಮೆ ಎಣಿಸಿದರೆ ಇಬ್ಬರು ರೋಗಿಗಳಾಗುತ್ತಾರೆ. ಖಾಲಿ ಬಿದ್ದಿರುವ ಇಬ್ಬರು ವೈದ್ಯರ ಕುರ್ಚಿಗಳನ್ನೂ ಸಾಮರ್ಥ್ಯಕ್ಕೆ ಸೇರಿಸಿಕೊಂಡಿರಾ? ಓದಿ ನಾನು ಕೂಗಾಡಿದೆ. ನನ್ನ ಯಜಮಾನರಿಗೆ ಎಳ್ಳಷ್ಟೂ ಸಿಟ್ಟಿಲ್ಲ. “ನಾನೇ ಹೇಳ್ಬೇಕಿತ್ತು ಬಿಡು” ಅನ್ನುತ್ತಾರೆ.

ವೈದ್ಯರನ್ನು ನೇಮಿಸಿ ಎಂದು ಕೇಳಿ ಕೇಳಿ ಊರಿಗೆಲ್ಲ ಸಾಕಾಗಿದೆ. ಕನಿಷ್ಠ ಆ ಬೋರ್ಡನ್ನಾದರೂ ಬಿಚ್ಚಿಸಿ. ಹಾಕಿದವರೇ ಬಂದು ಬಿಚ್ಚುತ್ತಿದ್ದರು, ಆದರೆ ಈಗ ಅವರಿಗೆ ಸ್ಟೂಲು ಹತ್ತಲು ಆಗುವುದಿಲ್ಲ. ನಾಲ್ಕು ಸ್ಕ್ರೂ ಇವೆ. ಸ್ವಲ್ಪ ಬಿಗಿ ಇರಬಹುದು. ಅವರು ಯಾವ ಕೆಲಸವನ್ನೂ ಸಡಿಲವಾಗಿ ಮಾಡಿದವರಲ್ಲ.

ಇಂತಿ,
ಮಂಡಿ ವಾಸಿಯಾದ ಬಡಗಿಯ ಹೆಂಡತಿ